ಓಟೆ ನೆಟ್ಟರೆ ಬಾದಾಮಿ ಯಾಕೆ ಬರಲ್ಲ? ಮಾವಿಗೆ ಕಸಿ ಕಟ್ಟುವ ಕೆಲಸ

ಚಿಂತಾಮಣಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ. ಹಿತ್ತಲಲ್ಲಿ ಒಂದು ಮಾವಿನ ಮರ ಇದೆ. ಯಾವುದೋ ಒಂದು ಬೇಸಿಗೆಯಲ್ಲಿ ಶ್ರೀನಿವಾಸಪುರದಿಂದ ಬಂದ ಬಾದಾಮಿ ಹಣ್ಣು ತಿಂದು, ಅದರ ಓಟೆಯನ್ನು ಚಿಕ್ಕಮ್ಮ ಬಚ್ಚಲ ನೀರು ಹರಿಯುವ ಕಡೆ ಹೂತಿಟ್ಟಿದ್ದರು. ಮೊಳಕೆ ಬಂತು, ಗಿಡವಾಯಿತು. ಒಂಬತ್ತನೇ ವರ್ಷಕ್ಕೆ ಮೊದಲ ಕಾಯಿ ಬಿಟ್ಟಿತು. ಕೋಳಿಮೊಟ್ಟೆಯಷ್ಟು ಗಾತ್ರ. ಹಣ್ಣಾದ ಮೇಲೂ ಹುಳಿ, ಹಲ್ಲಿನ ಸಂದಿಯಲ್ಲೆಲ್ಲ ನಾರು. "ನಾನು ಹಾಕಿದ್ದು ಬಾದಾಮಿ ಓಟೆನೇ ಕಣಪ್ಪಾ. ನಮ್ಮ ಮಣ್ಣೇ ಸರಿ ಇಲ್ಲ ಅಂತ ಕಾಣುತ್ತೆ" ಅಂತ ಚಿಕ್ಕಮ್ಮ ಇವತ್ತಿಗೂ ಮಣ್ಣನ್ನೇ ಬೈಯುತ್ತಾರೆ.

ಪಾಪ, ಮಣ್ಣಿನದೇನೂ ತಪ್ಪಿಲ್ಲ.

ನಾವು ತಿನ್ನುವ ಸಿಪ್ಪೆ, ತಿರುಳು ಎರಡೂ ತಾಯಿ ಮರದ ಸ್ವತ್ತು. ಒಳಗಿರುವ ಬೀಜ ಮಾತ್ರ ಆ ತಾಯಿಯ ಮಗು. ಮಗು ಅಂದ ಮೇಲೆ ಅಪ್ಪನೂ ಇರಬೇಕಲ್ಲ. ಮಾವಿನ ಒಂದು ಗೊಂಚಲಿನಲ್ಲಿ ಸಾವಿರಾರು ಹೂ ಇರುತ್ತವೆ. ನೊಣ, ಜೇನು, ಸಣ್ಣಪುಟ್ಟ ಹುಳ ಎಲ್ಲ ಬಂದು ಕೂರುತ್ತವೆ. ಪಕ್ಕದ ತೋಪಿನ ತೋತಾಪುರಿಯ ಪರಾಗವೋ, ಬದುವಿನ ಮೇಲಿನ ನಾಟಿ ಮರದ ಪರಾಗವೋ, ಯಾವುದು ತಗುಲಿತೋ ಯಾರಿಗೆ ಗೊತ್ತು. ಅಪ್ಪನೂ ಬಾದಾಮಿಯೇ ಆಗಿದ್ದರೂ ಗ್ಯಾರಂಟಿ ಇಲ್ಲ. ಬಾದಾಮಿಯ ಒಳಗೇ ತಲೆತಲೆಮಾರಿನ ಗುಣಗಳು ಕಲೆಸಿಕೊಂಡು ಕೂತಿವೆ. ಬೀಜ ಕಟ್ಟುವಾಗ ಅವೆಲ್ಲ ಇಸ್ಪೀಟು ಎಲೆ ಕಲೆಸಿದ ಹಾಗೆ ಹೊಸದಾಗಿ ಹಂಚಿಕೆಯಾಗುತ್ತವೆ. ಹಣ್ಣು ಎಷ್ಟು ಸಿಹಿಯಿತ್ತು ಅನ್ನೋದು ತಾಯಿಯ ವಿಷಯ ಹೇಳುತ್ತೆ, ಓಟೆಯ ವಿಷಯ ಹೇಳಲ್ಲ. ಚಿಕ್ಕಮ್ಮ ಹೂತಿಟ್ಟಿದ್ದು ಒಂದು ಲಾಟರಿ ಟಿಕೆಟ್.

ಈ ಲಾಟರಿಯನ್ನು ಬೇಕಂತಲೇ ಆಡುವವರೂ ಇದ್ದಾರೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ನೀಲಂ ಹೂವಿಗೆ ದಶಹರಿಯ ಪರಾಗ ತಾಕಿಸಿ, ಬಂದ ಸಸಿಗಳಲ್ಲಿ ಒಂದನ್ನು ಆರಿಸಿದರು. ಅದೇ ಮಲ್ಲಿಕಾ. ಅದೇ ಜೋಡಿಯನ್ನು ತಿರುಗಿಸಿ, ದಶಹರಿ ತಾಯಿ, ನೀಲಂ ತಂದೆ ಮಾಡಿದಾಗ ಸಿಕ್ಕಿದ್ದು ಆಮ್ರಪಾಲಿ. ಅಪ್ಪ ಅಮ್ಮ ಅವೇ ಎರಡು, ಆದರೆ ಮಕ್ಕಳು ನೋಡಿದರೆ ಮಲ್ಲಿಕಾ ದೊಡ್ಡ ಹಣ್ಣು, ಆಮ್ರಪಾಲಿ ಕುಳ್ಳ ಮರದ ಸಣ್ಣ ಹಣ್ಣು. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬಂಗನಪಲ್ಲಿಗೂ ಬಾದಾಮಿಗೂ ಹೀಗೇ ಜೋಡಿ ಹಾಕಿ ಅರ್ಕಾ ಅರುಣ ತೆಗೆದರು. ಇದೆಲ್ಲ ವರ್ಷಗಟ್ಟಲೆಯ ತಾಳ್ಮೆಯ ಕೆಲಸ. ಬೇಡವಾದ ಸಸಿ ಕಿತ್ತು ಎಸೆದೂ ಎಸೆದೂ ಕೊನೆಗೆ ಒಂದು ಉಳಿಯುತ್ತೆ. ಆ ಒಂದು ಸಿಕ್ಕಿದ ಮೇಲೆ ಮಾತ್ರ ಅದರ ಓಟೆಯನ್ನು ಯಾರೂ ನಂಬಲ್ಲ. ಕಡ್ಡಿ ಕತ್ತರಿಸಿಕೊಳ್ಳುತ್ತಾರೆ.

ಕಡ್ಡಿ ಅಂದರೆ ಆ ಮರದ್ದೇ ತುಂಡು, ಅದರ ಮಗುವಲ್ಲ. ಅದನ್ನು ಇನ್ನೊಂದು ಗಿಡದ ಬುಡದ ಮೇಲೆ ಕೂರಿಸಿದರೆ ಹಳೇ ಮರವೇ ಹೊಸ ಕಾಲಿನ ಮೇಲೆ ನಿಂತ ಹಾಗೆ. ನಾವು ಬಾದಾಮಿ ಅನ್ನೋದು ಆಲ್ಫಾನ್ಸೊ ತಳಿಯನ್ನೇ. ಶ್ರೀನಿವಾಸಪುರದ ತೋಪಿನ ಬಾದಾಮಿ, ಕೊಂಕಣದ ಆಲ್ಫಾನ್ಸೊ ಎಲ್ಲ ಮೂಲದಲ್ಲಿ ಎಂದೋ ಒಂದು ಕಡೆ ಹುಟ್ಟಿದ ಮರದ ಕೊಂಬೆಗಳೇ. ಪೋರ್ಚುಗೀಸರು ಗೋವಾದಲ್ಲಿ ಕಸಿ ಕಟ್ಟಿಸಿ ಹಬ್ಬಿಸಿದ ತಳಿ ಅದು. ಕೈಯಿಂದ ಕೈಗೆ ದಾಟಿ ಇಲ್ಲಿಯವರೆಗೆ ಬಂದಿದೆ.

ಇಲ್ಲಿ ಒಂದು ಅಪವಾದ ಹೇಳಲೇಬೇಕು. ಕೇರಳ ಮತ್ತು ಕರಾವಳಿ ಕಡೆಯ ಕೆಲವು ಮಾವುಗಳಲ್ಲಿ, ಉದಾಹರಣೆಗೆ ಒಳೂರು, ಚಂದ್ರಕರನ್, ಒಂದೇ ಓಟೆಯಿಂದ ಎರಡು ಮೂರು ನಾಲ್ಕು ಮೊಳಕೆ ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಬಂಧವೇ ಇಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಹಾಗಾಗಿ ಸಸಿಗಳು ತಾಯಿಯ ಪಡಿಯಚ್ಚು. ನಮ್ಮ ಕಡೆಯ ಬಾದಾಮಿ, ತೋತಾಪುರಿ, ಮಲ್ಲಿಕಾ, ಬೇನಿಷಾ ಯಾವುದಕ್ಕೂ ಆ ಭಾಗ್ಯ ಇಲ್ಲ. ಒಂದು ಓಟೆ, ಒಂದು ಮೊಳಕೆ, ಒಂದು ಅನುಮಾನ.

ಸರಿ, ಎರಡು ಬೇರೆ ಬೇರೆ ಗಿಡ ಒಂದಕ್ಕೊಂದು ಕೂಡಿಕೊಳ್ಳೋದಾದರೂ ಹೇಗೆ? ಮಾವಿನ ಎಳೆ ಕೊಂಬೆಯೊಂದನ್ನು ಉಗುರಿನಿಂದ ಕೆರೆದು ನೋಡಿ. ಮೇಲೆ ಸಿಪ್ಪೆ, ಅದರ ಕೆಳಗೆ ಹಸಿರು, ಒಳಗೆ ಬಿಳೀ ಕಟ್ಟಿಗೆ. ಸಿಪ್ಪೆಗೂ ಕಟ್ಟಿಗೆಗೂ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ, ಜಾರುವ ಒಂದು ಪದರ ಇದೆ. ಕ್ಯಾಂಬಿಯಂ ಅಂತಾರೆ. ಮರ ದಪ್ಪ ಆಗೋದು ಆ ಪದರದಿಂದಲೇ. ಅದು ಒಳಗಡೆಗೆ ಕಟ್ಟಿಗೆ ಕಟ್ಟುತ್ತೆ, ಹೊರಗಡೆಗೆ ಸಿಪ್ಪೆ ಕಟ್ಟುತ್ತೆ. ಎರಡು ಗಿಡದ ಈ ಪದರಗಳು ಒಂದಕ್ಕೊಂದು ಒತ್ತಿಕೊಂಡು, ಒಣಗದೆ ಎರಡು ಮೂರು ವಾರ ಕೂತರೆ ಸಾಕು. ಗಾಯದ ಬಾಯಲ್ಲಿ ಎರಡೂ ಕಡೆಯಿಂದ ಮೆತ್ತನೆಯ ಹೊಸ ಜೀವಕೋಶ ಉಕ್ಕಿ ಬಂದು ಸಂದು ತುಂಬುತ್ತವೆ. ಅದರ ಮೂಲಕ ನೀರಿನ ದಾರಿ ಕೂಡಿಕೊಳ್ಳುತ್ತೆ. ಆಮೇಲೆ ಚಿಗುರು.

ಕಸಿಯಲ್ಲಿ ಮಿಕ್ಕಿದ್ದೆಲ್ಲ, ಅಂದರೆ ಚಾಕು, ಟೇಪು, ಕವರ್, ನೆರಳು, ಮಳೆಗಾಲ, ಈ ಒಂದು ಮಾತಿಗೆ ಸೇವೆ ಮಾಡೋದಷ್ಟೇ: ಆ ಎರಡು ಪದರ ತಾಕಬೇಕು, ಒಣಗಬಾರದು, ಅಲುಗಬಾರದು.

ತಿಪಟೂರಿನ ಕಡೆಯ ಸ್ನೇಹಿತರೊಬ್ಬರು ಕೇಳಿದರು, "ಹಂಗಾದ್ರೆ ಒಳ್ಳೆ ತೆಂಗಿನ ಮರಕ್ಕೂ ಕಸಿ ಕಟ್ಟಬಹುದಲ್ವಾ?" ಆಗಲ್ಲ. ತೆಂಗು, ಅಡಿಕೆ, ಬಾಳೆ, ಬಿದಿರಿನಲ್ಲಿ ಈ ಪದರವೇ ಇಲ್ಲ. ಅವುಗಳ ಕಾಂಡದಲ್ಲಿ ನೀರಿನ ಕೊಳವೆಗಳು ಚದುರಿಕೊಂಡಿರುತ್ತವೆ. ತೆಂಗಿನ ಮರ ವರ್ಷ ವರ್ಷ ದಪ್ಪ ಆಗದಿರೋದಕ್ಕೂ ಇದೇ ಕಾರಣ. ಇನ್ನು ಪದರ ಇದ್ದ ಮಾತ್ರಕ್ಕೆ ಯಾವುದಕ್ಕೆ ಯಾವುದನ್ನಾದರೂ ಕಟ್ಟಬಹುದು ಅಂತಲೂ ಅಲ್ಲ. ನೆಂಟಸ್ತನ ಹತ್ತಿರದ್ದಿರಬೇಕು. ಮಾವಿಗೆ ಮಾವೇ ಸರಿ. ಹಲಸಿನ ಬುಡದ ಮೇಲೆ ಮಾವು ಕೂರಲ್ಲ.

ಕಸಿಯ ವಿಧಾನಗಳ ಹೆಸರು ಹೇಳುತ್ತಾ ಹೋದರೆ ಉದ್ದ ಆಗುತ್ತೆ. ಹಳೇ ಕಾಲದ್ದು ಸಾಮೀಪ್ಯ ಕಸಿ. ಕುಂಡದಲ್ಲಿರುವ ಸಸಿಯನ್ನು ತಾಯಿ ಮರದ ಪಕ್ಕಕ್ಕೇ ಒಯ್ದು, ಎರಡರ ಸಿಪ್ಪೆಯನ್ನೂ ಕೆತ್ತಿ, ಜೋಡಿಸಿ ಕಟ್ಟೋದು. ಕೂಡಿಕೊಂಡ ಮೇಲೆ ತಾಯಿಯಿಂದ ಬೇರೆ ಮಾಡೋದು. ಸಾಯೋದು ಕಡಿಮೆ, ಆದರೆ ಮರದ ಸುತ್ತ ಅಟ್ಟಣೆ ಕಟ್ಟಿ ದಿನಾ ನೀರು ಹಾಕೋರು ಯಾರು? ಈಗ ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಾರೆ. ಓಟೆ ಕಸಿ ಅಂತ ಇನ್ನೊಂದಿದೆ. ಓಟೆ ಮೊಳೆತು ಹತ್ತು ಹದಿನೈದು ದಿನದೊಳಗೆ, ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವಾಗಲೇ ಕಟ್ಟಿಬಿಡೋದು. ಕೊಂಕಣದ ಕಡೆ ಇದು ಜಾಸ್ತಿ. ಅಲ್ಲಿ ಗಾಳಿಯಲ್ಲೇ ತೇವ ಇರುತ್ತೆ. ನಮ್ಮ ಒಣ ಹವೆಯಲ್ಲಿ ಎಳೇ ಮೊಳಕೆ ಬಾಡದ ಹಾಗೆ ನೋಡಿಕೊಳ್ಳೋದು ಕಷ್ಟ. ನೆರಳುಮನೆ ಬೇಕೇ ಬೇಕು. ಕೋಲಾರ ಸೀಮೆಗೆ ನನ್ನ ಓಟು ಮೃದುಕಾಂಡ ಕಸಿಗೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಬೇರುಸಸಿ, ಅಂದರೆ ಕಡ್ಡಿ ಕೂರಿಸೋಕೆ ಬುಡ, ಬೇರು ಕೊಡುವ ಸಸಿ. ಜೂನ್, ಜುಲೈನಲ್ಲಿ ನಾಟಿ ಮಾವಿನ ಓಟೆ ಆರಿಸಿಕೊಂಡು ತೊಳೆದು, ನೆರಳಲ್ಲಿ ಆರಿಸಿ, ಆದಷ್ಟು ಬೇಗ ಊರಬೇಕು. ಮಾವಿನ ಬೀಜ ರಾಗಿಯ ಹಾಗಲ್ಲ, ಕಣಜದಲ್ಲಿಟ್ಟು ಮುಂದಿನ ವರ್ಷ ಬಿತ್ತೋಕೆ ಆಗಲ್ಲ. ಒಂದು ತಿಂಗಳು ದಾಟಿತು ಅಂದರೆ ಒಳಗಿನ ಜೀವ ಒಣಗಿ ಹೋಗಿರುತ್ತೆ. ನಾಟಿ ಓಟೆಯೇ ಯಾಕೆ? ಬೇರು ಗಟ್ಟಿ, ಬರ ತಡೆಯುತ್ತೆ, ಸುಲಭವಾಗಿ ಸಿಗುತ್ತೆ. ಹಣ್ಣು ಹೇಗಿದ್ದರೇನು, ನಮಗೆ ಬೇಕಾದ್ದು ಬೇರು ಮಾತ್ರ. ಬೇರು ಹಣ್ಣಿನ ತಳಿ ಬದಲಿಸಲ್ಲ. ಮರದ ಗಾತ್ರ, ಬೆಳೆಯುವ ಜೋರು ಮಾತ್ರ ಬದಲಿಸಬಹುದು. ವೆಲ್ಲೈಕೊಲಂಬನ್ ಅನ್ನೋ ಬೇರುಸಸಿಯ ಮೇಲೆ ಕಟ್ಟಿದ ಬಾದಾಮಿ ಕುಳ್ಳಗೆ ಉಳಿಯುತ್ತೆ.

ಸಸಿಯ ಕಾಂಡ ಪೆನ್ಸಿಲ್ ದಪ್ಪ ಆಗಬೇಕು. ಮುಂದಿನ ಮಳೆಗಾಲಕ್ಕೆ ತಯಾರಿರುತ್ತೆ. ಇನ್ನು ಕಡ್ಡಿ. ಇದರಲ್ಲೇ ಇರೋದು ಕೈಚಳಕ, ಆದರೆ ಜನ ಅವಸರ ಮಾಡೋದೂ ಇದರಲ್ಲೇ. ನಾಲ್ಕೈದು ವರ್ಷ ಕಾಯಿ ಬಿಟ್ಟಿದ್ದು ಕಣ್ಣಾರೆ ಕಂಡ ಮರದಿಂದಲೇ ಕಡ್ಡಿ ತೆಗೀಬೇಕು. ಮೂರು ನಾಲ್ಕು ತಿಂಗಳು ಬಲಿತ, ಹೂ ಬಿಡದ ತುದಿ ಕೊಂಬೆ. ಅದನ್ನು ನೇರವಾಗಿ ಕತ್ತರಿಸಿ ತರೋ ಹಾಗಿಲ್ಲ. ಮರದಲ್ಲೇ ಇರುವಾಗ ಅದರ ಎಲೆಗಳನ್ನೆಲ್ಲ ಕತ್ತರಿಸಬೇಕು, ತೊಟ್ಟು ಮಾತ್ರ ಬಿಡಬೇಕು. ಆಮೇಲೆ ಏಳರಿಂದ ಹತ್ತು ದಿನ ಕಾಯಬೇಕು. ಎಲೆ ಹೋಯಿತಲ್ಲ, ಕೊಂಬೆ ಗಾಬರಿಯಾಗಿ ಹೊಸ ಚಿಗುರು ತರೋಕೆ ತಯಾರಿ ಶುರುಮಾಡುತ್ತೆ. ತುದಿಯ ಮೊಗ್ಗು ಊದಿಕೊಳ್ಳುತ್ತೆ. ಬೆರಳು ತಾಕಿಸಿದರೆ ತೊಟ್ಟು ಟಪ್ ಅಂತ ಉದುರುತ್ತೆ. ಅದೇ ಗುರುತು. ಮೊಗ್ಗು ಬಿಚ್ಚಿಬಿಟ್ಟರೆ ತಡ ಆಯಿತು, ತೊಟ್ಟು ಗಟ್ಟಿಯಾಗಿದ್ದರೆ ಇನ್ನೂ ಬೇಗ.

ಹೋದ ವರ್ಷ ಕಸಿ ಕಟ್ಟುವ ಯಜಮಾನರೊಬ್ಬರ ಪಕ್ಕದಲ್ಲಿ ಅರ್ಧ ದಿನ ಕೂತಿದ್ದೆ. ಸಸಿಯ ತುದಿಯಲ್ಲಿ ಹೊಸ ಚಿಗುರು ಬಂದು ಕಾಂಡ ಇನ್ನೂ ಮೆತ್ತಗಿರುವ ಜಾಗದಲ್ಲಿ ಅಡ್ಡಕ್ಕೆ ಒಂದೇ ಏಟಿಗೆ ಕೊಯ್ದರು. ಕೆಳಗಿನ ಎಲೆಗಳನ್ನು ಮುಟ್ಟಲಿಲ್ಲ. ನಡುವೆ ಚಾಕು ಇಟ್ಟು ಒಂದೂವರೆ ಇಂಚು ಸೀಳಿದರು. ನಾಲ್ಕೈದು ಇಂಚಿನ ಕಡ್ಡಿ ತಗೊಂಡು ಬುಡವನ್ನು ಎರಡೂ ಕಡೆ ಇಳಿಜಾರಾಗಿ ಕೆತ್ತಿದರು, ಗುದ್ದಲಿ ಕಾವಿಗೆ ಬೆಣೆ ಹೊಡೆಯುತ್ತೇವಲ್ಲ, ಆ ಆಕಾರ. ಪ್ರತಿ ಬದಿಗೂ ಒಂದೇ ಎಳೆತ. ಎರಡನೇ ಸಲ ಚಾಕು ಆಡಿಸಿದರೆ ಮೈ ತರಕಲಾಗುತ್ತೆ, ನಡುವೆ ಗಾಳಿ ಕೂರುತ್ತೆ. ಕೆತ್ತಿದ ಜಾಗ ಬೆರಳಿಗೆ ತಾಕಲಿಲ್ಲ. ಸೀಳಿನೊಳಗೆ ಇಳಿಸಿದರು. ಕಡ್ಡಿ ಸಸಿಗಿಂತ ಚೂರು ಸಣ್ಣದಿತ್ತು. ಮಧ್ಯಕ್ಕೆ ಕೂರಿಸದೆ ಒಂದು ಪಕ್ಕಕ್ಕೆ ಸರಿಸಿ, ಆ ಕಡೆಯ ಸಿಪ್ಪೆಗೆ ಸಿಪ್ಪೆ ಸೇರಿಸಿದರು. ಎರಡೂ ಕಡೆ ತಪ್ಪೋದಕ್ಕಿಂತ ಒಂದು ಕಡೆ ಸರಿಯಾಗಿ ತಾಕಲಿ ಅಂತ. ಕೆಳಗಿನಿಂದ ಮೇಲಕ್ಕೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೆ ಒಂದು ಐಸ್ ಕ್ಯಾಂಡಿ ಕವರ್ ಟೋಪಿ ತೊಡಿಸಿ ಕಟ್ಟಿದರು. ಒಟ್ಟು ಒಂದು ನಿಮಿಷ. ನಾನು ಮಾಡಿದ್ದಕ್ಕೆ ಎಂಟು ನಿಮಿಷ ಹಿಡಿಯಿತು, ಅಷ್ಟರಲ್ಲಿ ಕೊಯ್ದ ಬಾಯಿ ಕಂದು ತಿರುಗಿತ್ತು. ಯಜಮಾನರು ನೋಡಿ, "ಇದು ಆಗಲ್ಲ ಸ್ವಾಮಿ" ಅಂದರು. ಆಗಲಿಲ್ಲ.

ಆ ಟೋಪಿಯ ಕೆಲಸ ದೊಡ್ಡದು. ಬೇರಿಲ್ಲದ ಕಡ್ಡಿಗೆ ಎರಡು ವಾರ ನೀರು ಕೊಡೋರಿಲ್ಲ. ಅದರ ಮೈಯಲ್ಲಿರುವ ತೇವ ಹೊರಗೆ ಹೋಗದ ಹಾಗೆ ಟೋಪಿ ಹಿಡಿದಿಡುತ್ತೆ. ಮಳೆಗಾಲದಲ್ಲೇ ಕಟ್ಟಬೇಕು ಅನ್ನೋದೂ ಇದಕ್ಕೇ. ಆದರೆ ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಲ್ಲ, ತೇವ ಎಳೆದುಕೊಂಡು ಹೋಗೋದಲ್ಲದೆ ಕಟ್ಟಿದ್ದನ್ನು ಅಲುಗಾಡಿಸುತ್ತೆ. ಹಾಗಾಗಿ ಗಾಳಿ ತಡೆಯುವ ಮೂಲೆ, ಮೇಲೆ ನೆರಳುಬಲೆ. ಎರಡು ಮೂರು ವಾರಕ್ಕೆ ಮೊಗ್ಗು ಬಿಚ್ಚಿದರೆ ಸಂಜೆ ಹೊತ್ತಲ್ಲಿ ಟೋಪಿ ತೆಗೆಯೋದು. ಕಡ್ಡಿ ಹಸಿರಾಗಿದೆ ಅಂತ ಹತ್ತನೇ ದಿನಕ್ಕೇ ಖುಷಿಪಡಬೇಡಿ. ತನ್ನ ಮೈಯಲ್ಲಿರೋ ರಸದಲ್ಲೇ ಅದು ಅಷ್ಟು ದಿನ ಹಸಿರಾಗಿರುತ್ತೆ, ಆಮೇಲೆ ಕಪ್ಪಾಗುತ್ತೆ. ಚಿಗುರಿ ಎಲೆ ಬಲಿತ ಮೇಲೆ ನಂಬಿ. ಸುತ್ತಿದ ಪಟ್ಟಿಯನ್ನು ಎರಡು ಮೂರು ತಿಂಗಳಿಗೆ ಬಿಚ್ಚದಿದ್ದರೆ ಕಾಂಡ ಊದುತ್ತಾ ಪಟ್ಟಿ ಒಳಗೆ ಕಚ್ಚಿಕೊಂಡು ಕತ್ತು ಹಿಸುಕುತ್ತೆ. ಒಂದು ದಿನ ಗಾಳಿಗೆ ಅಲ್ಲೇ ಮುರಿಯುತ್ತೆ.

ಎಲ್ಲರೂ ಕಟ್ಟಬೇಕಾಗಿಲ್ಲ, ಕೊಂಡರೂ ಸಾಕು. ಆದರೆ ಕೊಳ್ಳುವಾಗ ನೋಡಬೇಕಾದ ಜಾಗ ಒಂದೇ, ಕಸಿಯ ಗಂಟು, ಅಂದರೆ ಕಡ್ಡಿಯೂ ಬೇರುಸಸಿಯೂ ಕೂಡಿದ ಜಾಗ. ನಾನೇ ಮೋಸ ಹೋದೆ. ಹತ್ತು ಮಲ್ಲಿಕಾ ಗಿಡ ಅಂತ ತಂದಿದ್ದರಲ್ಲಿ ಎರಡು ಗಿಡ ಮಿಕ್ಕಿದ್ದಕ್ಕಿಂತ ಸೊಗಸಾಗಿ, ಎತ್ತರಕ್ಕೆ ಬೆಳೆದವು. ಹೆಮ್ಮೆಯಿಂದ ಎಲ್ಲರಿಗೂ ತೋರಿಸುತ್ತಿದ್ದೆ. ಕಾಯಿ ಬಿಟ್ಟಾಗ ನೋಡಿದರೆ ನಾಟಿ ಮಾವು. ಆಗಿದ್ದು ಇಷ್ಟು: ಮೇಲಿನ ಕಡ್ಡಿ ಯಾವಾಗಲೋ ಸತ್ತಿತ್ತು. ಗಂಟಿನ ಕೆಳಗಿನಿಂದ ಬೇರುಸಸಿಯೇ ಚಿಗುರಿ ಮೇಲೆದ್ದು ಗಿಡವಾಗಿತ್ತು. ನಾನು ಐದು ವರ್ಷ ಅದಕ್ಕೇ ಗೊಬ್ಬರ ಹಾಕಿದ್ದೆ. ಆಮೇಲಿಂದ ಬುದ್ಧಿ ಬಂದಿದೆ. ಗಂಟಿನ ಕೆಳಗೆ ಚಿಗುರು ಕಂಡರೆ ಆವತ್ತೇ ಚಿವುಟುತ್ತೇನೆ. ನೆಡುವಾಗ ಗಂಟು ಮಣ್ಣಿಗಿಂತ ಗೇಣುದ್ದ ಮೇಲಿರೋ ಹಾಗೆ ನೋಡುತ್ತೇನೆ. ಮತ್ತೆ ಕಸಿ ಗಿಡ ಎರಡನೇ ವರ್ಷವೇ ಹೂ ಬಿಡುತ್ತೆ, ಯಾಕೆಂದರೆ ಕಡ್ಡಿಗೆ ತಾನು ಚಿಕ್ಕ ಗಿಡ ಅನ್ನೋದೇ ಗೊತ್ತಿಲ್ಲ, ಅದು ದೊಡ್ಡ ಮರದ ತುಂಡು. ಮೊದಲ ಮೂರು ವರ್ಷ ಆ ಹೂ ಕಿತ್ತುಹಾಕಬೇಕು. ಮನಸ್ಸು ಬರಲ್ಲ, ನಿಜ.

ಮಳೆ ನಂಬಿದ ಹೊಲಕ್ಕೆ ಇನ್ನೊಂದು ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು. ಗಿಡ ನೆಡುವ ಗುಂಡಿಯಲ್ಲೇ ನೇರವಾಗಿ ಓಟೆ ಊರಿ, ಸಸಿ ಬೆಳೆದ ಮೇಲೆ ಅಲ್ಲೇ ಕಸಿ ಕಟ್ಟೋದು. ಚೀಲದಲ್ಲಿ ಬೆಳೆದ ಗಿಡದ ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತಿಕೊಳ್ಳುತ್ತೆ. ಗುಂಡಿಯಲ್ಲೇ ಹುಟ್ಟಿದ್ದರ ಬೇರು ನೇರವಾಗಿ ಪಾತಾಳಕ್ಕೆ ಇಳಿಯುತ್ತೆ. ಹೊಳೆಯ ನೀರು ಕಾಣದ, ಬೋರ್‌ವೆಲ್ ಬತ್ತುವ ನಮ್ಮ ನೆಲಕ್ಕೆ ಇದಕ್ಕಿಂತ ಒಳ್ಳೇದು ಇನ್ನೇನಿದೆ? ತೊಂದರೆ ಇಷ್ಟೇ: ಮೇಕೆಗಳಿಂದ ಕಾಯಬೇಕು, ಕಟ್ಟುವವರನ್ನು ಹೊಲಕ್ಕೇ ಕರೆಸಬೇಕು. ಹೆಚ್ಚಿನವರಿಗೆ ಅಷ್ಟು ಪುರುಸೊತ್ತಿಲ್ಲ.

ಈಗ ಬೆಳೆದು ನಿಂತ ಮರದ ವಿಷಯ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರದಂತೆ ತಡೆಯಿತು. ಕೋಲಾರದ ತೋತಾಪುರಿಗೆ ಅಲ್ಲಿನ ಪಲ್ಪ್ ಫ್ಯಾಕ್ಟರಿಗಳೇ ದೊಡ್ಡ ಗಿರಾಕಿ. ಬೆಲೆ ನೆಲಕಚ್ಚಿತು. ಅಂಥ ಹೊತ್ತಲ್ಲಿ ತೋಪನ್ನೇ ಕಡಿದು ಬೇರೆ ಬೆಳೆ ಹಾಕೋಣ ಅನಿಸೋದು ಸಹಜ. ಆದರೆ ಇಪ್ಪತ್ತು ವರ್ಷದ ಬೇರನ್ನು ಕಿತ್ತು ಸೌದೆ ಮಾಡೋದಕ್ಕಿಂತ ಮೊದಲು ತಲೆ ಮಾತ್ರ ಬದಲಿಸಬಹುದಾ ಅಂತ ಯೋಚಿಸಬೇಕು. ತೋತಾಪುರಿ ಇರೋದು ಮೇಲಿನ ಕೊಂಬೆಗಳಲ್ಲಿ. ಬೇರು ಯಾವತ್ತೂ ತೋತಾಪುರಿ ಆಗಿರಲೇ ಇಲ್ಲ.

ಫಸಲು ಮುಗಿದ ಮೇಲೆ, ಚಳಿ ಶುರುವಾಗುವ ಹೊತ್ತಿಗೆ ದೊಡ್ಡ ಕೊಂಬೆಗಳನ್ನು ಮೋಟು ಮಾಡುತ್ತಾರೆ. ಕೊಯ್ದ ಬಾಯಿಗೆ ಮೈಲುತುತ್ತ, ಸುಣ್ಣ ಕಲೆಸಿದ ಬೋರ್ಡೋ ಮುಲಾಮು ಹಚ್ಚುತ್ತಾರೆ, ಬೋಳಾದ ಕಾಂಡ ಬಿಸಿಲಿಗೆ ಸುಡದಂತೆ ಸುಣ್ಣ ಬಳಿಯುತ್ತಾರೆ. ಒಂದು ಕೊಂಬೆಯನ್ನು ಮಾತ್ರ ಎಲೆ ಸಮೇತ ಹಾಗೇ ಬಿಡೋದು ಒಳ್ಳೇದು. ಅಷ್ಟು ದೊಡ್ಡ ಬೇರಿಗೆ ಊಟ ಹಾಕೋಕೆ ಒಂದಾದರೂ ಅಡುಗೆಮನೆ ಬೇಕಲ್ಲ. ಬೇಸಿಗೆಗೆ ಮೋಟಿನಿಂದ ಹತ್ತಾರು ಚಿಗುರು ಏಳುತ್ತವೆ. ಹೊರಮುಖವಾಗಿ, ಗಟ್ಟಿಯಾಗಿರುವ ನಾಲ್ಕಾರು ಬಿಟ್ಟು ಮಿಕ್ಕಿದ್ದು ತೆಗೆದು, ಜುಲೈ ಆಗಸ್ಟಿನಲ್ಲಿ ಅವುಗಳ ಮೇಲೆ ಅದೇ ಬೆಣೆ, ಅದೇ ಟೋಪಿ. ಕಾಂಡ ಕೊರೆಯುವ ಹುಳು ಇಂಥ ಗಾಯದ ಮರ ಹುಡುಕಿಕೊಂಡು ಬರುತ್ತೆ. ಬುಡದಲ್ಲಿ ಹೊಟ್ಟು ಬಿದ್ದಿದೆಯಾ ಅಂತ ವಾರಕ್ಕೊಮ್ಮೆಯಾದರೂ ಕಣ್ಣು ಹಾಯಿಸಬೇಕು. ಎಲ್ಲ ಸರಿ ಹೋದರೆ ಮೂರನೇ ವರ್ಷದಿಂದ ಹೊಸ ತಳಿಯ ಕಾಯಿ ನೋಡಬಹುದು. ಬೇರು ದೊಡ್ಡದಿರೋದರಿಂದ ಬೆಳವಣಿಗೆ ಬಿರುಸು.

ಹಾಗಂತ ಎಲ್ಲರೂ ಬಾದಾಮಿಗೇ ಹಾರೋದು ನನಗೆ ಸರಿ ಕಾಣಲ್ಲ. ಬಾದಾಮಿ ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಮುನಿಸಿಕೊಳ್ಳುತ್ತೆ. ಹಣ್ಣಿನೊಳಗೆ ಸ್ಪಂಜಿನ ಹಾಗೆ ಬೆಳ್ಳಗಾಗುವ ಕಾಟ ಬೇರೆ. ಕಸಿ ಇದನ್ನೆಲ್ಲ ವಾಸಿ ಮಾಡಲ್ಲ. ಒಳ್ಳೇದನ್ನು ಎಷ್ಟು ನಿಯತ್ತಾಗಿ ನಕಲು ಮಾಡುತ್ತೋ ಕೆಟ್ಟದ್ದನ್ನೂ ಅಷ್ಟೇ ನಿಯತ್ತಾಗಿ ಮಾಡುತ್ತೆ. ತೋತಾಪುರಿ, ನೀಲಂಗಳು ಪಾಪ ವರ್ಷ ವರ್ಷ ತಪ್ಪದೆ ಕಾಯಿ ಕೊಡುವಂಥವು.

ಒಂದೇ ಮರದಲ್ಲಿ ನಾಲ್ಕೈದು ತಳಿ ಆಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಆಗುತ್ತೆ. ಲಖನೌ ಹತ್ತಿರದ ಮಲಿಹಾಬಾದ್‌ನ ಕಲೀಮುಲ್ಲಾ ಖಾನ್ ಒಂದೇ ಮರದ ಮೇಲೆ 300ಕ್ಕೂ ಹೆಚ್ಚು ತಳಿ ಕಟ್ಟಿದವರು, 2008ರಲ್ಲಿ ಪದ್ಮಶ್ರೀ ಬಂತು. ತೋಪಿಗೆ ಇದು ಲಾಭದ ಮಾತಲ್ಲ. ಕೀಳೋರಿಗೆ ಗೊಂದಲ, ಮಂಡಿಗೆ ಕಳಿಸೋಕೆ ಲೋಡು ಆಗಲ್ಲ. ಆದರೆ ಮನೆ ಹಿತ್ತಲಿಗೆ ಇದಕ್ಕಿಂತ ಚೆನ್ನಾದ್ದು ಇಲ್ಲ. ಮೊದಲು ಬಾದಾಮಿ, ಆಮೇಲೆ ಮಲ್ಲಿಕಾ, ಕೊನೆಗೆ ನೀಲಂ, ಹೀಗೆ ಒಂದಾದ ಮೇಲೊಂದು ಹಣ್ಣಾಗುತ್ತೆ. ಒಂದೇ ಎಚ್ಚರ: ಜೋರಾಗಿ ಬೆಳೆಯುವ ತಳಿ ಮಿಕ್ಕವನ್ನು ತುಳಿದು ಮೇಲೇರುತ್ತೆ, ಅದನ್ನು ಆಗಾಗ ಸವರಿ ಹದ್ದಿನಲ್ಲಿಡಬೇಕು.

ಚಿಕ್ಕಮ್ಮನ ಮರಕ್ಕೆ ಹೋದ ವರ್ಷ ಇದನ್ನೇ ಮಾಡಿಸಿದೆವು. ಆರು ಕಡ್ಡಿ ಕಟ್ಟಿದ್ದರಲ್ಲಿ ನಾಲ್ಕು ಹಿಡಿದಿವೆ: ಎರಡು ಬಾದಾಮಿ, ಒಂದು ಮಲ್ಲಿಕಾ, ಒಂದು ನೀಲಂ. ಹೋದ ಎರಡರಲ್ಲಿ ಒಂದು ನಾನು ಕಟ್ಟಿದ್ದು. ಮರ ಮೋಟು ಮಾಡುವ ದಿನ ಊಟ ಹಾಕೋಕೆ ಬಿಡುವ ಕೊಂಬೆ ಯಾವುದು ಅಂತ ಯಜಮಾನರು ಮೇಲೆ ನೋಡುತ್ತಿದ್ದರು. ಚಿಕ್ಕಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತು, ಪೂರ್ವದ ಕಡೆಯ ಕೊಂಬೆ ತೋರಿಸಿ, "ಅದನ್ನ ಮುಟ್ಟಬೇಡಿ ಯಜಮಾನ್ರೇ. ಅದರ ಕಾಯಿ ಹುಳಿ ಚೆನ್ನಾಗಿದೆ, ಉಪ್ಪಿನಕಾಯಿಗೆ ಬೇಕು" ಅಂದರು.